ಹಾಳೆ ತಟ್ಟೆ, ಮಿಡಿ, ಮೆಣಸು: ನಾಲ್ಕಾರು ಸಣ್ಣ ಘಟಕ ಒಟ್ಟಾಗಿ ಹೊರದೇಶಕ್ಕೆ ಕಳಿಸಬಹುದಾ?

ಹಾಳೆಮನೆ, ಹೊಸನಗರ

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲ್ಲೂಕಿನಲ್ಲಿ ಒಂದು ಸಣ್ಣ ಅಡಿಕೆ ಹಾಳೆ ತಟ್ಟೆ ಘಟಕ ನಡೆಸುತ್ತಿದ್ದೇನೆ. ನಾಲ್ಕು ಮೆಷಿನ್ ಇವೆ. ಕೆಲಸಕ್ಕೆ ಬರುವವರೆಲ್ಲ ಊರಿನ ಹೆಣ್ಣುಮಕ್ಕಳು. ಇಷ್ಟು ದಿನ ಬೆಂಗಳೂರಿನ ಒಬ್ಬ ವ್ಯಾಪಾರಿಗೆ ಮಾಲು ಕೊಡುತ್ತಿದ್ದೆ. ಅವರು ತಮ್ಮ ಹೆಸರು ಹಾಕಿ ಅಮೆರಿಕಕ್ಕೆ ಕಳಿಸುತ್ತಿದ್ದರು. 2025ರ ಮೇ ತಿಂಗಳಲ್ಲಿ ಅಲ್ಲಿನ ಆಹಾರ, ಔಷಧಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಡಿಎ, ಅಡಿಕೆ ಹಾಳೆಯ ತಟ್ಟೆ ಬಟ್ಟಲುಗಳನ್ನು ಊಟಕ್ಕೆ ಬಳಸಬಾರದು ಎಂದಿತಲ್ಲ, ಆಮೇಲೆ ಅವರ ಫೋನ್ ಬರುವುದೇ ನಿಂತಿತು. ಮಾಲು ಅಟ್ಟದ ಮೇಲೆ ಕೂತಿದೆ. ಮಳೆ ಹಿಡಿದರೆ ಬೂಷ್ಟು ಗ್ಯಾರಂಟಿ.

ಈಗ ಜರ್ಮನಿಯ ಒಂದು ಕಂಪನಿ ನೇರವಾಗಿ ಕೇಳಿದೆ. 40 ಅಡಿಯ ಒಂದು ಕಂಟೇನರ್, ಮೂರು ಅಳತೆಯ ತಟ್ಟೆ, ಜೊತೆಗೆ ಲ್ಯಾಬ್ ರಿಪೋರ್ಟ್. ನನ್ನ ನಾಲ್ಕು ಮೆಷಿನ್ನಿಂದ ಅಷ್ಟು ಆಗುವ ಮಾತಲ್ಲ. ಸುತ್ತಮುತ್ತ ನಮ್ಮಂಥ ಘಟಕಗಳು ಬೇಕಾದಷ್ಟಿವೆ. ಆದರೆ ಒಬ್ಬರ ಡೈ (ತಟ್ಟೆ ಒತ್ತುವ ಅಚ್ಚು) ಇನ್ನೊಬ್ಬರ ಹಾಗಿಲ್ಲ, ಒಬ್ಬರ ರೇಟು ಇನ್ನೊಬ್ಬರಿಗೆ ಹೇಳುವ ಹಾಗಿಲ್ಲ. ಎದುರು ಸಿಕ್ಕರೆ ಕಾಫಿ ಕುಡಿಯುತ್ತೇವೆ, ವ್ಯಾಪಾರದ ಮಾತು ಬಂದರೆ ಮಳೆ ಸುದ್ದಿ ತೆಗೆಯುತ್ತೇವೆ.

ಒಟ್ಟಾಗಿ ಮಾಡುವುದು ಸಾಧ್ಯವಾ? ತಟ್ಟೆ ಒಂದೇ ಅಂತಲ್ಲ. ಉಪ್ಪಿನಕಾಯಿ, ಮೆಣಸು, ಬಟ್ಟೆ, ಏನು ಕಳಿಸಿದ ಅನುಭವ ಇದ್ದರೂ ಹೇಳಿ.

ಕಮಾನು ಸೇತುವೆ, ತೀರ್ಥಹಳ್ಳಿ

ಮಾರಾಯ್ರೆ, ವೆನಿಲಾ ನೆನಪಿದೆಯಾ? ವೆನಿಲಾ ಬೆಳೆಯುವ ಮಡಗಾಸ್ಕರ್‌ನಲ್ಲಿ ಚಂಡಮಾರುತ ಬೀಸಿದ್ದಕ್ಕೆ ನಮ್ಮ ತೋಟದ ಹಸಿ ಕೋಡಿಗೆ ಬಂಗಾರದ ಬೆಲೆ ಬಂತು. 2003ರ ಸುಮಾರಿಗೆ ಕಳ್ಳರಿಗೆ ಹೆದರಿ ರಾತ್ರಿ ಬ್ಯಾಟರಿ ಹಿಡಿದು ತೋಟ ಕಾದವರು ಇದ್ದಾರೆ. ಎರಡು ವರ್ಷ ಕಳೆಯುವಷ್ಟರಲ್ಲಿ ಕೇಳುವವರಿಲ್ಲ. ಬಳ್ಳಿ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದೆವು. ಉಪ್ಪಾಗೆ ಸಿಪ್ಪೆಯದ್ದೂ ಅದೇ ಕಥೆ. ತೂಕ ಇಳಿಸುವ ಮಾತ್ರೆಗೆ ಬೇಕು ಅಂತ ಹೊರದೇಶದವರು ಕೇಳಿದರು, ಕಾಡಿನಲ್ಲಿ ಕೊಂಬೆ ಸಮೇತ ಕಡಿದು ತಂದವರೂ ಇದ್ದರು.

ಹೊರದೇಶದವರು ಕೇಳಿದಾಗ ಕೊಡುವುದು ಸುಲಭ. ಕೇಳುವುದು ಬಿಟ್ಟಾಗ ಏನು ಮಾಡುತ್ತೀರಿ? ಅಮೆರಿಕ ಬಿಟ್ಟಿತು ಅಂತ ಜರ್ಮನಿಗೆ ಹೋದರೆ ನಾಳೆ ಜರ್ಮನಿಯೂ ಬಿಡಬಹುದು. ಸುಮ್ನೆ ಸಾಲ ಮಾಡಿ ಮೆಷಿನ್ ಹಾಕಬೇಡಿ ಅಂತ ಮೊದಲೇ ಹೇಳುತ್ತಿದ್ದೇನೆ.

ಸ್ಟುಟ್‌ಗಾರ್ಟಿನಲ್ಲಿ ಮಲೆನಾಡಿಗ

ನಾನು ರಿಪ್ಪನ್‌ಪೇಟೆ ಕಡೆಯವನು. ಇಲ್ಲಿ ಜರ್ಮನಿಗೆ ಕೆಲಸಕ್ಕೆ ಬಂದು ನೆಲೆಸಿದ್ದೇನೆ. ತೀರ್ಥಹಳ್ಳಿಯವರ ಮಾತು ತೆಗೆದುಹಾಕುವಂಥದ್ದಲ್ಲ. ಆದರೂ ಇಲ್ಲಿನ ಲೆಕ್ಕ ಸ್ವಲ್ಪ ಬೇರೆ.

ಯುರೋಪಿಯನ್ ಒಕ್ಕೂಟದಲ್ಲಿ 2021ರ ಜುಲೈ 3ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಚಮಚ, ಸ್ಟ್ರಾ ಮಾರುವ ಹಾಗಿಲ್ಲ. ಆ ಜಾಗಕ್ಕೆ ಕಾಗದ, ಕಬ್ಬಿನ ಸಿಪ್ಪೆ, ಮರ, ಹಾಳೆ ಎಲ್ಲ ಬಂದಿವೆ. ಬೇಸಿಗೆಯಲ್ಲಿ ಇಲ್ಲಿಯವರು ಹಿತ್ತಲಲ್ಲಿ ಕೆಂಡದ ಮೇಲೆ ಅಡುಗೆ ಮಾಡಿ ತಿನ್ನುವಾಗ ಹಾಳೆ ತಟ್ಟೆ ತೆಗೆಯುವುದು ನೋಡಿದ್ದೇನೆ. ಸೂಪರ್ ಮಾರ್ಕೆಟ್ಟಿನಲ್ಲಿ "ತಾಳೆ ಎಲೆ" ಅಂತ ಬರೆದು ಮಾರುತ್ತಾರೆ. ನೋಡಿದರೆ ನಮ್ಮ ತೋಟದ ಹಾಳೆಯೇ!

ಊಟಕ್ಕೆ ತಾಗುವ ಯಾವ ವಸ್ತುವಿಗೂ ಇಲ್ಲಿ 1935/2004 ಎಂಬ ನಿಯಮ ಇದೆ. ವಸ್ತುವಿನಿಂದ ಆಹಾರಕ್ಕೆ ಆರೋಗ್ಯ ಕೆಡಿಸುವ ಏನೂ ಇಳಿಯಬಾರದು, ಎಲ್ಲಿ ತಯಾರಾಯಿತು ಅಂತ ಹಿಂದಕ್ಕೆ ಹುಡುಕುವ ಹಾಗಿರಬೇಕು, ಇಷ್ಟು ಅದರ ತಿರುಳು. ಜರ್ಮನಿಯವರು ಇದರ ಮೇಲೆ ಎಲ್‌ಎಫ್‌ಜಿಬಿ ಅಂತ ತಮ್ಮ ಕಾನೂನಿನ ಪ್ರಕಾರ ಟೆಸ್ಟ್ ಕೇಳುತ್ತಾರೆ. ಹಾಳೆಮನೆಯವರಿಗೆ ಬಂದಿರುವುದು ಅದೇ ಇರಬೇಕು. ಆ ರಿಪೋರ್ಟ್ ಒಂದು ಮಾದರಿಗೆ ಮಾಡಿಸಿದರೂ ಅಷ್ಟೇ ಖರ್ಚು, ಹತ್ತು ಘಟಕ ಒಂದೇ ವಿಧಾನದಲ್ಲಿ ಮಾಡಿದ ಮಾಲಿಗೆ ಮಾಡಿಸಿದರೂ ಹೆಚ್ಚುಕಮ್ಮಿ ಅಷ್ಟೇ. ಒಟ್ಟಾಗಬೇಕು ಅನ್ನುವುದಕ್ಕೆ ನನಗೆ ಕಾಣುವ ದೊಡ್ಡ ಕಾರಣ ಇದು. ಕಂಟೇನರ್ ತುಂಬುವುದು ಆಮೇಲಿನ ಮಾತು.

ಆದರೆ ಒಂದು ಎಚ್ಚರ. ಅಮೆರಿಕದವರ ತಕರಾರು ಬೂಷ್ಟಿನ ಬಗ್ಗೆ ಅಲ್ಲ. ಅಡಿಕೆ ಮರದ ಹಾಳೆಯಲ್ಲೂ ಅಡಿಕೆಯ ಆಲ್ಕಲಾಯ್ಡ್ ಅನ್ನುವ ರಾಸಾಯನಿಕ ಇರುತ್ತದೆ, ಅದು ಊಟಕ್ಕೆ ಇಳಿಯಬಹುದು ಅನ್ನುವುದು ಅವರ ವಾದ. ಇದನ್ನು ಜರ್ಮನಿಯ ಖರೀದಿದಾರರೂ ಓದಿರುತ್ತಾರೆ. ನೀವು ಬಾಯಿ ಮುಚ್ಚಿಕೊಂಡಿದ್ದರೆ ಅವರು ಕೇಳುವುದಿಲ್ಲ ಅಂದುಕೊಳ್ಳಬೇಡಿ.

ಕುಮುದ್ವತಿ ತೀರ

ಎಲ್ಲರೂ ಸೇರಿ ಒಂದು ಆ್ಯಪ್ ಮಾಡಿಸಿದರೆ ಆಗಲ್ವಾ? ಗ್ರಾಹಕರು ನೇರವಾಗಿ ಬರುತ್ತಾರೆ.

ಮಾಚೇನಹಳ್ಳಿ ಲೇತ್, ಶಿವಮೊಗ್ಗ

ಆ್ಯಪ್ ಮಾಡಿಸಬಹುದು ಸರ್, ತಟ್ಟೆಯ ದಪ್ಪ ಸರಿ ಮಾಡಲು ಆ್ಯಪ್‌ಗೆ ಬರುವುದಿಲ್ಲ.

ನಾನು ಎರಕ ಮತ್ತು ಮೆಷಿನಿಂಗ್ ಕೆಲಸದವನು. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದ್ದರಿಂದ ಈ ಕಡೆ ಫೌಂಡ್ರಿ ಕೆಲಸ ಗೊತ್ತಿರುವ ಕೈಗಳು ಜಾಸ್ತಿ. ನಮ್ಮ ವಾಹನ ಬಿಡಿಭಾಗದ ಗಿರಾಕಿಗಳು ಮೊದಲು ಕೊಡುವುದು ಆರ್ಡರ್ ಅಲ್ಲ, ಡ್ರಾಯಿಂಗ್. ಯಾವ ಅಳತೆ ಎಷ್ಟು ಹೆಚ್ಚುಕಮ್ಮಿ ಆದರೆ ನಡೆಯುತ್ತದೆ ಅಂತ ಅದರಲ್ಲೇ ಬರೆದಿರುತ್ತದೆ. ಒಂದೇ ಭಾಗವನ್ನು ಮೂರು ಶೆಡ್ಡಿನಲ್ಲಿ ಮಾಡಿದರೂ ಜೋಡಿಸುವಾಗ ಗೊತ್ತಾಗಬಾರದು.

ಹಾಳೆ ತಟ್ಟೆಯವರು ಅದನ್ನೇ ಮಾಡಬೇಕು. ಮೂರು ಅಳತೆಗೆ ಮೂರು ಡ್ರಾಯಿಂಗ್ ಬರೆಯಿಸಿ. ಅಂಚಿನ ಎತ್ತರ, ಕನಿಷ್ಠ ದಪ್ಪ, ತಳ ಮೇಜಿನ ಮೇಲೆ ಕೂರುವ ರೀತಿ. ಡೈಗಳನ್ನು ಒಂದೇ ಕಡೆ ಮಾಡಿಸಿ. ಈಗ ಒಬ್ಬೊಬ್ಬರು ಒಂದೊಂದು ಊರಿನಿಂದ ತರಿಸಿದ ಡೈಗಳಿವೆ, ಹತ್ತಿಂಚು ಅಂದರೆ ಒಬ್ಬರದು ಒಳಗಿನ ಅಳತೆ, ಇನ್ನೊಬ್ಬರದು ಹೊರಗಿನದು. ಒಂದರ ಮೇಲೊಂದು ಜೋಡಿಸಿದರೆ ಅರ್ಧಕ್ಕೆ ಬಂದಾಗ ವಾಲುತ್ತದೆ. ಅಲ್ಲೇ ಪೆಟ್ಟಿಗೆಯ ಲೆಕ್ಕ ತಪ್ಪಿ ಕಂಟೇನರಿನಲ್ಲಿ ಗಾಳಿ ಸಾಗಿಸಿದ ಹಾಗಾಗುತ್ತದೆ.

ಇನ್ನು ತೇವ. ಹಾಳೆ ಉದುರುವುದು ಬೇಸಿಗೆಯಲ್ಲಿ, ಮೆಷಿನ್ ಓಡುವುದು ವರ್ಷಪೂರ್ತಿ. ಜೂನ್ ಬಂದ ಮೇಲೆ ನಿಮ್ಮಲ್ಲಿ ಒಣಗಿಸುವ ವ್ಯವಸ್ಥೆ ಏನು? ಅಟ್ಟ, ಒಲೆಯ ಮೇಲಿನ ತಟ್ಟಿ, ಹೆಚ್ಚೆಂದರೆ ಒಂದು ಬಲ್ಬಿನ ಪೆಟ್ಟಿಗೆ. ಬಿಸಿಗಾಳಿಯ ಒಂದು ಒಳ್ಳೆಯ ಡ್ರೈಯರ್ ಹಾಕಲು ಒಬ್ಬರಿಗೆ ಕಷ್ಟ. ಏಳೆಂಟು ಜನ ಸೇರಿದರೆ ಕಷ್ಟವಲ್ಲ. ಅದರ ವಿನ್ಯಾಸಕ್ಕೆ ನಾನು ಕೂರುತ್ತೇನೆ, ಕೂಲಿ ಕೇಳಲ್ಲ. ಅಡಿಕೆ ಸಿಪ್ಪೆಯನ್ನೇ ಉರುವಲು ಮಾಡಿದರೆ ಖರ್ಚು ಇಳಿಯುತ್ತದೆ. ತೇವ ಅಳೆಯುವ ಮೀಟರ್ ಮಾತ್ರ ಪ್ರತಿ ಘಟಕದಲ್ಲೂ ಇರಬೇಕು, "ಕೈಗೆ ಒಣಗಿದ ಹಾಗೆ ಕಾಣ್ತದೆ" ಅನ್ನುವುದನ್ನು ರಿಪೋರ್ಟಿನಲ್ಲಿ ಬರೆಯಲು ಆಗುವುದಿಲ್ಲ.

ಕಮಾನು ಸೇತುವೆ, ತೀರ್ಥಹಳ್ಳಿ

ಇದು ಕೇಳಬೇಕಾದ ಮಾತು. ಡ್ರೈಯರ್ ಎಲ್ಲಿ ಇಡುತ್ತೀರಿ? ಯಾರ ಜಾಗದಲ್ಲಿ ಇಟ್ಟರೂ ಉಳಿದವರಿಗೆ ದೂರ. ಮಲೆನಾಡಿನಲ್ಲಿ ಮನೆ ಮನೆಗೂ ಒಂದು ಮೈಲಿ.

ಮೆಣಸಿನ ಬಳ್ಳಿ, ನಗರ

ನಾವು ಕೆಲವು ಬೆಳೆಗಾರರು ಸೇರಿ ಸಾವಯವ ಮೆಣಸಿಗೆ ಗುಂಪು ಪ್ರಮಾಣಪತ್ರ ಮಾಡಿಸಿಕೊಂಡಿದ್ದೇವೆ. ಹಾಗಾಗಿ ಒಟ್ಟಾಗುವುದರ ಕಷ್ಟ ಗೊತ್ತಿರುವವಳಾಗಿ ಹೇಳುತ್ತೇನೆ.

ಹೊರದೇಶಕ್ಕೆ ಸಾವಯವ ಅಂತ ಕಳಿಸಬೇಕಾದರೆ ಕೇಂದ್ರ ಸರ್ಕಾರದ ಎನ್‌ಪಿಒಪಿ ಸಾವಯವ ಪ್ರಮಾಣಪತ್ರ ಬೇಕು. ಪಿಜಿಎಸ್ ಅಂತ ಇನ್ನೊಂದು ಇದೆ, ಅದು ನಮ್ಮ ದೇಶದೊಳಗಿನ ಮಾರಾಟಕ್ಕೆ ಮಾತ್ರ. ಎನ್‌ಪಿಒಪಿಯಲ್ಲಿ ಒಂದು ಗುಂಪಿಗೆ ಕಡಿಮೆ ಅಂದರೆ 25, ಜಾಸ್ತಿ ಅಂದರೆ 500 ರೈತರು. ಮೆಣಸು ಬಹುವಾರ್ಷಿಕ ಬೆಳೆ ಆದ್ದರಿಂದ ಮೊದಲ ಸಾವಯವ ಕೊಯ್ಲಿಗೆ ಮುಂಚೆ 36 ತಿಂಗಳು ಕಾಯಬೇಕು. ಆ ಮೂರು ವರ್ಷ ಕಟ್ಟುನಿಟ್ಟು ಪೂರ್ತಿ, ಬೆಲೆ ಮಾತ್ರ ಹಳೆಯದೇ. ಅಲ್ಲಿ ಅರ್ಧ ಜನ ಬಿಟ್ಟುಹೋಗುತ್ತಾರೆ.

ಗುಂಪಿನಲ್ಲಿ ನಮ್ಮವರೇ ನಮ್ಮನ್ನು ತಪಾಸಣೆ ಮಾಡುವ ವ್ಯವಸ್ಥೆ ಇರಬೇಕು. ಇದೇ ಕಷ್ಟದ ಕೆಲಸ ನೋಡಿ. ದೊಡ್ಡಪ್ಪನ ತೋಟಕ್ಕೆ ಹೋಗಿ "ನಿಮ್ಮ ಕೊಟ್ಟಿಗೆಯಲ್ಲಿ ಆ ಡಬ್ಬಿ ಯಾಕಿದೆ" ಅಂತ ಕೇಳಬೇಕು. ಒಬ್ಬರು ಹೊಡೆದ ಔಷಧಿ ಎಲ್ಲರ ಲಾಟಿನಲ್ಲಿ ಕಾಣುತ್ತದೆ. ಯುರೋಪಿನಲ್ಲಿ ಪ್ರತ್ಯೇಕ ಮಿತಿ ಹೇಳಿಲ್ಲದ ಕೀಟನಾಶಕಕ್ಕೆ ಕಿಲೋಗೆ 0.01 ಮಿಲಿಗ್ರಾಂ ಅಷ್ಟೇ ಬಿಡುವುದು. ಪಕ್ಕದ ತೋಟದ ಗಾಳಿಗೂ ಅಷ್ಟು ಬಂದುಬಿಡಬಹುದು. ಅಡಿಕೆ ಮರಕ್ಕೆ ಬಳ್ಳಿ ಹಬ್ಬಿಸಿರುತ್ತೇವೆ, ಕೊಳೆರೋಗಕ್ಕೆ ಮೇಲೆ ಹೊಡೆದದ್ದು ಕೆಳಗೆ ಮೆಣಸಿನ ಮೇಲೇ ಇಳಿಯುತ್ತದೆ. ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣಕ್ಕೆ ಸಾವಯವದಲ್ಲಿ ಅವಕಾಶ ಇದೆ, ಆದರೆ ತಾಮ್ರಕ್ಕೂ ಲೆಕ್ಕ ಇಡಬೇಕು. ಉಳಿದ ಔಷಧಿಗಳ ಮಾತೇ ಬೇಡ.

ಒಟ್ಟಾದ ಮೇಲೆ ನಮಗೆ ನಿಜವಾಗಿ ಉಪಯೋಗ ಆದದ್ದು ಒಣಗಿಸುವ ವಿಧಾನದಲ್ಲಿ. ಮೊದಲು ಸಗಣಿ ಸಾರಿಸಿದ ಅಂಗಳದಲ್ಲಿ ಹರಡುತ್ತಿದ್ದೆವು. ಟೆಸ್ಟಿನಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಬಂತು ಅಂದರೆ ಅಲ್ಲಿಗೆ ಆ ಲಾಟ್ ಮುಗಿಯಿತು. ಈಗ ಕಾಳನ್ನು ಒಂದು ನಿಮಿಷ ಕುದಿನೀರಿನಲ್ಲಿ ಅದ್ದಿ ತೆಗೆದು, ಟಾರ್ಪಾಲಿನ ಮೇಲೆ ಒಣಗಿಸುತ್ತೇವೆ. ಬೇಗ ಒಣಗುತ್ತದೆ, ಬಣ್ಣ ಒಂದೇ ಸಮ ಕಪ್ಪು. ಆಮೇಲೆ ಗಾಳಿ ಹಿಡಿದು ಜಳ್ಳು ತೆಗೆದು ಲೀಟರ್ ತೂಕ ನೋಡುತ್ತೇವೆ. ಲೀಟರಿಗೆ 550 ಗ್ರಾಂ ತೂಗುವ ಕಾಳಿಗೆ ಒಂದು ಬೆಲೆ, 500ಕ್ಕೆ ಇನ್ನೊಂದು. ಮೊದಲು ಎಲ್ಲ ಬೆರೆಸಿ ಮಂಡಿಗೆ ಹಾಕುತ್ತಿದ್ದೆವು, ವಿಂಗಡಿಸಿದ ಲಾಭ ಮಂಡಿಯವರಿಗೆ ಹೋಗುತ್ತಿತ್ತು.

ಹಾಳೆಮನೆಯವರೇ, ಡ್ರೈಯರ್ ಎಲ್ಲಿಡಬೇಕು ಎನ್ನುವುದಕ್ಕಿಂತ ಮುಂಚೆ, ನಿಮ್ಮ ಶೆಡ್ಡಿಗೆ ಬೇರೆ ಘಟಕದವರು ಬಂದು ತಪಾಸಣೆ ಮಾಡಿದರೆ ನೀವು ಒಪ್ಪುತ್ತೀರಾ? ಅದನ್ನು ಯೋಚಿಸಿ.

ಜೀರಿಗೆ ಮಿಡಿ, ಸಾಗರ

ಅಕ್ಕ ಸರಿಯಾಗಿ ಕೇಳಿದ್ದೀರಿ. ನಮ್ಮದು ಉಪ್ಪಿನಕಾಯಿ. ಅಪ್ಪೆಮಿಡಿ ಮಾವಿಗೆ ಜಿಐ ಟ್ಯಾಗ್ (ಊರಿನ ವಿಶೇಷ ಉತ್ಪನ್ನ ಅನ್ನುವ ಗುರುತು) ಬಂದು ವರ್ಷಗಳಾದವು. ಹೊರದೇಶದಲ್ಲಿರುವ ಮಲೆನಾಡಿನವರು ಊರಿಗೆ ಬಂದರೆ ಸೂಟ್‌ಕೇಸಿನಲ್ಲಿ ಮಿಡಿ ಇಲ್ಲದೆ ಹೋಗುವುದಿಲ್ಲ. ಹಾಗಾದರೆ ನಾವೇ ಕಳಿಸಬಾರದಾ ಅಂತ ವಿಚಾರಿಸಿದೆ. ಅಂಗಡಿಗೆ ಕಳಿಸುವುದು ಬೇರೆ, ಅಣ್ಣನ ಮಗನಿಗೆ ಕಳಿಸುವುದು ಬೇರೆ ಅಂತ ಆಗ ತಿಳಿಯಿತು.

ಅಮೆರಿಕಕ್ಕಾದರೆ ತಯಾರಿಸುವ ಜಾಗವನ್ನು ಎಫ್‌ಡಿಎಯಲ್ಲಿ ನೋಂದಾಯಿಸಬೇಕು. ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಅಲ್ಲಿ ನಮ್ಮ ಪರವಾಗಿ ಒಬ್ಬ ಏಜೆಂಟ್ ಇರಬೇಕು. ಆಮ್ಲ ಸೇರಿಸಿ ಕೆಡದಂತೆ ಮಾಡಿದ ಆಹಾರ ಅಂತ ಲೆಕ್ಕ ಹಾಕಿದರೆ ತಯಾರಿಸುವ ವಿಧಾನವನ್ನೂ ದಾಖಲಿಸಬೇಕು, ಹುಳಿ ಅಳೆಯುವ ಪಿಎಚ್ 4.6 ದಾಟಬಾರದು. ಯುರೋಪಿಗಾದರೆ ಸಾಸಿವೆ ಅಲರ್ಜಿಯ ಪಟ್ಟಿಯಲ್ಲಿದೆ. ಅಲ್ಲಿ ಹೆಸರು ಹೇಳಲೇಬೇಕಾದ 14 ಪದಾರ್ಥಗಳಲ್ಲಿ ಅದೂ ಒಂದು. ಸಾಸಿವೆ ಇಲ್ಲದ ಮಿಡಿ ಉಪ್ಪಿನಕಾಯಿ ಎಂಥದ್ದು? ಹಾಕಿ, ಆದರೆ ಲೇಬಲ್ಲಿನಲ್ಲಿ ಎದ್ದು ಕಾಣುವ ಹಾಗೆ ಬರೆಯಿರಿ ಅನ್ನುತ್ತಾರೆ.

ಈಗ ಒಟ್ಟಾಗುವ ಮಾತು. ಹತ್ತು ಮನೆಯ ಉಪ್ಪಿನಕಾಯಿ ಬೆರೆಸಿ ಒಂದೇ ಹೆಸರಲ್ಲಿ ಕಳಿಸಿ ಅಂತ ಒಬ್ಬರು ಸಲಹೆ ಕೊಟ್ಟಿದ್ದರು. ನನ್ನಿಂದ ಆಗದು. ಅತ್ತೆಯವರು ಹುರಿಯುವ ಹದ ನಾನು ಯಾರಿಗೂ ಕೊಡುವುದಿಲ್ಲ, ಉಳಿದ ಮನೆಯವರೂ ತಮ್ಮದು ಕೊಡುವುದು ಬೇಡ. ರುಚಿ ಅವರವರದ್ದೇ ಇರಲಿ. ಉಪ್ಪುನೀರಿನಲ್ಲಿ ಮಿಡಿ ಹಾಕಿಡುವ ಪೀಪಾಯಿ, ಪಿಎಚ್ ಮೀಟರ್, ಬಾಟಲಿ ತುಂಬಿ ಮುಚ್ಚುವ ಕೋಣೆ, ಲ್ಯಾಬು, ಲೇಬಲ್ ಪ್ರಿಂಟು, ಇವಿಷ್ಟನ್ನು ಒಟ್ಟಿಗೆ ಮಾಡಬಹುದು. ಲೇಬಲ್ಲಿನ ಚಿತ್ರಕ್ಕೆ ನಮ್ಮ ಕಡೆಯ ಗೋಡೆ ಚಿತ್ರ ಹಸೆ ಚಿತ್ತಾರ ಬರೆಯುವ ಹೆಂಗಸರಿಗೆ ದುಡ್ಡು ಕೊಟ್ಟು, ಅವರ ಹೆಸರು ಹಾಕಿ ಬರೆಯಿಸಬೇಕು ಅಂತ ನನ್ನಾಸೆ. ಇಂಟರ್‌ನೆಟ್ಟಿನಿಂದ ಚಿತ್ರ ಕದ್ದು ಹಚ್ಚುವವರನ್ನು ನೋಡಿ ಸಾಕಾಗಿದೆ.

ಸಣ್ಣದಾಗಿ ಶುರು ಮಾಡುವವರಿಗೆ ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಅನ್ನುವ ರಫ್ತು ಕೇಂದ್ರಗಳಿವೆ. ಪಾರ್ಸೆಲ್ ಕಾಗದಪತ್ರ ಅಲ್ಲೇ ಆಗುತ್ತದೆ. ಆದರೆ ಅಮೆರಿಕದವರು 2025ರ ಆಗಸ್ಟ್ 29ರಿಂದ 800 ಡಾಲರ್ ಒಳಗಿನ ಪಾರ್ಸೆಲ್ಲಿಗಿದ್ದ ಸುಂಕ ವಿನಾಯಿತಿ ತೆಗೆದಿದ್ದಾರೆ. ಆ ಲೆಕ್ಕ ಹಾಕಿ ಬೆಲೆ ಹೇಳಿ.

ಲೆಕ್ಕದ ಪುಸ್ತಕ, ಶಿವಮೊಗ್ಗ

ಕಾಗದಪತ್ರದ ಬಗ್ಗೆ ಯಾರೂ ಹೇಳಿಲ್ಲ, ಬೇಗ ಹೇಳಿ ಮುಗಿಸುತ್ತೇನೆ. ಆಮದು ರಫ್ತಿಗೆ ಬೇಕಾದ ಐಇಸಿ ಕೋಡ್ ಆನ್‌ಲೈನಿನಲ್ಲಿ ಸಿಗುತ್ತದೆ, ಶುಲ್ಕ 500 ರೂಪಾಯಿ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರ ಖಾತ್ರಿ ಮಾಡದಿದ್ದರೆ ನಿಷ್ಕ್ರಿಯ ಮಾಡುತ್ತಾರೆ, ಇದನ್ನು ಮರೆಯುವವರೇ ಜಾಸ್ತಿ. ಬ್ಯಾಂಕಿನಿಂದ ಎಡಿ ಕೋಡ್ (ರಫ್ತಿನ ದುಡ್ಡು ಬರುವ ಬ್ಯಾಂಕಿನ ಗುರುತು ಸಂಖ್ಯೆ) ಪಡೆದು ಕಸ್ಟಮ್ಸ್‌ನಲ್ಲಿ ದಾಖಲಿಸಿ. ಜಿಎಸ್‌ಟಿಯಲ್ಲಿ ಎಲ್‌ಯುಟಿ ಅನ್ನುವ ಮುಚ್ಚಳಿಕೆ ಕೊಟ್ಟರೆ ತೆರಿಗೆ ಕಟ್ಟದೆ ರಫ್ತು ಮಾಡಬಹುದು. ಮೆಣಸು, ಏಲಕ್ಕಿಗೆ ಸಂಬಾರ ಮಂಡಳಿಯ ನೋಂದಣಿ, ಉಪ್ಪಿನಕಾಯಿಗೆ ಕೃಷಿ ಉತ್ಪನ್ನಗಳ ರಫ್ತು ನೋಡಿಕೊಳ್ಳುವ ಅಪೆಡಾ.

ಎಲ್ಲರೂ ಇದನ್ನೆಲ್ಲ ಮಾಡಿಸಬೇಕಾಗಿಲ್ಲ. ಒಂದೇ ಸಂಸ್ಥೆ ರಫ್ತುದಾರ, ಉಳಿದವರು ಅದಕ್ಕೆ ಮಾಲು ಕೊಡುವವರು. ರಫ್ತಿಗಾಗಿಯೇ ಕೊಡುವ ಮಾಲಿಗೆ ಜಿಎಸ್‌ಟಿ 0.1 ಶೇಕಡ ಮಾತ್ರ ಹಾಕುವ ದಾರಿ ಇದೆ, ಷರತ್ತುಗಳನ್ನು ನಿಮ್ಮ ಆಡಿಟರ್ ಹತ್ತಿರ ಕೇಳಿ. ಆ ಒಂದು ಸಂಸ್ಥೆ ಯಾವ ರೂಪದಲ್ಲಿ? ಸೌಹಾರ್ದ ಸಹಕಾರಿ ಆಗಬಹುದು, 1997ರ ಕಾಯ್ದೆಯ ಪ್ರಕಾರ. ಬೆಳೆಗಾರರೇ ಇದ್ದರೆ ಉತ್ಪಾದಕರ ಕಂಪನಿ, ಅದಕ್ಕೆ ಕಡಿಮೆ ಅಂದರೆ 10 ಜನ. ನಾಲ್ಕೈದು ಘಟಕದ ಮಾಲೀಕರೇ ಇದ್ದರೆ ಎಲ್‌ಎಲ್‌ಪಿ ಅನ್ನುವ ಪಾಲುದಾರಿಕೆ ಸಂಸ್ಥೆ ಸಾಕು. ಸಹಕಾರಿ ಅಂದರೆ ಚುನಾವಣೆ, ಸಭೆ, ಊಟ ಎಲ್ಲ ಬರುತ್ತದೆ. ಊಟ ಚೆನ್ನಾಗಿರುತ್ತದೆ ಅನ್ನುವುದನ್ನು ಒಪ್ಪುತ್ತೇನೆ.

ದುಡ್ಡಿನ ಭಯ ಇದ್ದರೆ ಇಸಿಜಿಸಿ ವಿಮೆ ನೋಡಿ. ಕೇಂದ್ರ ಸರ್ಕಾರದ್ದು, 1957ರಿಂದ ಇದೆ. ಹೊರದೇಶದ ಖರೀದಿದಾರ ದುಡ್ಡು ಕೊಡದಿದ್ದರೆ ಬಹುಪಾಲು ಅವರು ಕೊಡುತ್ತಾರೆ. ಮತ್ತೆ, ಆರ್ಡರ್ ಕೊಡುವ ಮುಂಚೆ "ನೋಂದಣಿ ಶುಲ್ಕ ಕಳಿಸಿ" ಅನ್ನುವ ಖರೀದಿದಾರ ಖರೀದಿದಾರನೇ ಅಲ್ಲ.

ಆಹಾರ ಸಂಸ್ಕರಣೆಗೆ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಒಬ್ಬರಿಗೆ 35 ಶೇಕಡ, ಗರಿಷ್ಠ 10 ಲಕ್ಷದವರೆಗೆ ಸಹಾಯಧನ ಇಟ್ಟಿದ್ದರು. ಒಟ್ಟಾಗಿ ಕಟ್ಟುವ ಸೌಲಭ್ಯಕ್ಕೂ ಅದರಲ್ಲಿ ಬೇರೆ ದಾರಿ ಇತ್ತು. ನಮ್ಮ ಜಿಲ್ಲೆಯ ಉತ್ಪನ್ನ ಅಂತ ಗುರುತಿಸಿದ್ದು ಅನಾನಸ್ಸನ್ನು. ರಾಜ್ಯದಲ್ಲಿ ಸರ್ಕಾರದ ಕೃಷಿ ರಫ್ತು ನಿಗಮ ಕೆಪೆಕ್ ಇದನ್ನು ನೋಡಿಕೊಳ್ಳುತ್ತಿತ್ತು. ತಟ್ಟೆ ಆಹಾರ ಅಲ್ಲವಲ್ಲ, ಹಾಳೆಮನೆಯವರು ಕೇಂದ್ರದ ಸಣ್ಣ ಕೈಗಾರಿಕೆ ಇಲಾಖೆಯ ಕ್ಲಸ್ಟರ್ ಯೋಜನೆ ಕೇಳಬೇಕು. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ.

ಇರುವಕ್ಕಿ ವಿದ್ಯಾರ್ಥಿ

ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದೇನೆ, ಇದು ನನ್ನ ಸ್ವಂತ ಅಭಿಪ್ರಾಯ.

ಎಲ್ಲರೂ "ಟೆಸ್ಟ್ ರಿಪೋರ್ಟ್" ಅನ್ನುತ್ತಿದ್ದೀರಿ. ಪಾಸಾದರೆ ಸಾಕು ಅನ್ನುವ ಹಾಗೆ. ನನ್ನ ಪ್ರಕಾರ ಮೊದಲು ನಮಗಾಗಿಯೇ ಒಂದು ಟೆಸ್ಟ್ ಬೇಕು. ತಟ್ಟೆಯನ್ನು ಬಿಸಿ ನೀರು, 3 ಶೇಕಡ ಅಸಿಟಿಕ್ ಆಮ್ಲ, ಎಣ್ಣೆ ಇವುಗಳಲ್ಲಿ ಇಟ್ಟು ಏನೇನು ಎಷ್ಟು ಇಳಿಯುತ್ತದೆ ಅಂತ ನೋಡಬೇಕು. ಸಾರು, ಉಪ್ಪಿನಕಾಯಿ, ಒಗ್ಗರಣೆಗೆ ಇವು ಬದಲಿ. ಹಾಳೆಯನ್ನು ನೆನೆಸುವ ನೀರು ಎಷ್ಟು ಸಲ ಬದಲಿಸಿದರು, ಎಷ್ಟು ಹೊತ್ತು ನೆನೆಸಿದರು, ಒತ್ತುವಾಗ ಎಷ್ಟು ಬಿಸಿ ಇತ್ತು, ಇವುಗಳಿಂದ ಫಲಿತಾಂಶ ಬದಲಾಗುತ್ತದಾ ಅಂತ ತಿಳಿಯಬೇಕು. ಒಂದು ಘಟಕದಲ್ಲಿ ಇದನ್ನು ಮಾಡಿದರೆ ಅದು ಆ ಘಟಕದ ಕಥೆ. ಹತ್ತು ಘಟಕ, ಹತ್ತು ತೋಟದ ಹಾಳೆ ಇದ್ದರೆ ಅದು ಅಧ್ಯಯನ ಆಗುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅಥವಾ ನಮ್ಮ ವಿಶ್ವವಿದ್ಯಾಲಯದ ಬಾಗಿಲು ತಟ್ಟುವಾಗ ಒಬ್ಬರ ಅರ್ಜಿಗೂ ಇಪ್ಪತ್ತು ಘಟಕದ ಅರ್ಜಿಗೂ ವ್ಯತ್ಯಾಸ ಇರುತ್ತದೆ.

ಫಲಿತಾಂಶ ಕೆಟ್ಟದಾಗಿ ಬಂದರೆ? ಬರಲಿ. ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವುದು ಖಚಿತ ಅನ್ನುವ ಪಟ್ಟಿಗೆ ಸೇರಿಸಿದೆ. ಅದು ಕಾಯಿಯ ವಿಷಯ, ಹಾಳೆಯದ್ದಲ್ಲ. ಆದರೂ ಖರೀದಿದಾರರ ತಲೆಯಲ್ಲಿ ಎರಡೂ ಒಂದೇ ಮರದ್ದು. ನಾವೇ ಅಂಕಿ ಇಟ್ಟುಕೊಂಡಿಲ್ಲದಿದ್ದರೆ ಬೇರೆಯವರ ಅಂಕಿಗೆ ತಲೆ ಆಡಿಸಬೇಕಾಗುತ್ತದೆ.

ಇನ್ನೊಂದು ದಾರಿ. ಎಫ್‌ಡಿಎ ಹೇಳಿದ್ದು ಊಟಕ್ಕೆ ತಾಗುವ ವಸ್ತುವಿಗೆ. ಅದೇ ಹಾಳೆ, ಅದೇ ಪ್ರೆಸ್ಸಿನಲ್ಲಿ ಸೋಪಿನ ತಟ್ಟೆ, ಸಸಿ ಬೆಳೆಸುವ ಕುಂಡ, ಮೇಣದ ಬತ್ತಿಯ ಬುಡ, ಗಾಜಿನ ಸಾಮಾನಿಗೆ ಒಳ ಪೆಟ್ಟಿಗೆ ಮಾಡಬಹುದು. ಡೈ ಬೇರೆ ಬೇಕು ಅಷ್ಟೇ. ಮಾಚೇನಹಳ್ಳಿ ಅಣ್ಣ ಇದನ್ನು ನೋಡಬೇಕು.

ಮಾಚೇನಹಳ್ಳಿ ಲೇತ್, ಶಿವಮೊಗ್ಗ

ಸೋಪಿನ ತಟ್ಟೆ ಸುಲಭ. ಕುಂಡ ಕಷ್ಟ. ಹಾಳೆ ಅಷ್ಟು ಆಳಕ್ಕೆ ಎಳೆಯುವುದಿಲ್ಲ, ಮೂಲೆಯಲ್ಲಿ ಸೀಳುತ್ತದೆ. ಎರಡು ತುಂಡು ಮಾಡಿ ಸಿಕ್ಕಿಸುವ ಹಾಗೆ ಮಾಡಿದರೆ ಆಗಬಹುದು. ಈ ವಾರ ಅಲ್ಯೂಮಿನಿಯಂನಲ್ಲಿ ಒಂದು ಪ್ರಯೋಗದ ಡೈ ಕತ್ತರಿಸಿ ನೋಡುತ್ತೇನೆ. ಯಾರಾದರೂ ಅಗಲದ ಹಾಳೆ ಕಳಿಸಿಕೊಡಿ. ನನ್ನ ಹತ್ತಿರ ತೋಟ ಇಲ್ಲ, ಬರೀ ಕಬ್ಬಿಣ.

ನೂಲುಗಾರ್ತಿ, ಹೆಗ್ಗೋಡು

ಒಬ್ಬರ ಕಸ ಇನ್ನೊಬ್ಬರ ಮಾಲು ಆದದ್ದು ನಮ್ಮ ಊರಿನಲ್ಲೇ ಇದೆಯಲ್ಲ. ಅಡಿಕೆ ಬೇಯಿಸಿ ಉಳಿದ ನೀರು, ಚೊಗರು, ಬಣ್ಣ ಆಗಿದ್ದು ನೋಡಿ. ಕೈಮಗ್ಗದ ಬಟ್ಟೆ ಮಾಡುವ ಚರಕ ಸಂಸ್ಥೆಯ ಹೆಂಗಸರು ಅದರಲ್ಲಿ ಬಟ್ಟೆಗೆ ಬಣ್ಣ ಕಟ್ಟಿದರು. ಬೆಳೆಗಾರರು, ಬಣ್ಣ ಕಟ್ಟುವವರು, ನೇಯುವವರು, ಹೊಲಿಯುವವರು ಬೇರೆ ಬೇರೆ, ಮಾರಾಟಕ್ಕೆ ದೇಸಿ ಅಂತ ಬೇರೆ ವ್ಯವಸ್ಥೆ. ಮಾಡುವವರೇ ಮಾರುವುದಕ್ಕೂ ಓಡಾಡಿದರೆ ಎರಡೂ ಕೆಡುತ್ತದೆ ಅನ್ನುವುದು ಅಲ್ಲಿ ಮೊದಲೇ ಗೊತ್ತಿತ್ತು.

ನೀವು ತಟ್ಟೆಯವರು ಇಲ್ಲಿ ತನಕ ಮೆಷಿನ್ ಬಗ್ಗೆ ಮಾತಾಡಿದಿರಿ. ಜರ್ಮನಿಯವರ ಮೇಲ್‌ಗೆ ಅದೇ ದಿನ ಉತ್ತರ ಬರೆಯುವವರು ಯಾರು? ಅದಕ್ಕೊಬ್ಬರಿಗೆ ಸಂಬಳ ಇಡಿ. ಬೆಂಗಳೂರಿನಿಂದ ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡುವ ಹುಡುಗ ಹುಡುಗಿಯರು ಇದ್ದಾರೆ, ಕೇಳಿ ನೋಡಿ.

ಘಾಟಿ ಲಾರಿ

ಸಾಗಣೆಯವನು ನಾನು. 40 ಅಡಿ ಟ್ರೈಲರ್ ನಿಮ್ಮ ಊರಿನ ತಿರುವಿಗೆ ಬರಲ್ಲ, ಆಸೆ ಬಿಡಿ. ಆಗುಂಬೆ ಘಾಟಿಯಲ್ಲಿ ದೊಡ್ಡ ಗಾಡಿ ಬಿಡುವುದಿಲ್ಲ. ಸಣ್ಣ ಲಾರಿಯಲ್ಲಿ ಹುಲಿಕಲ್ ಘಾಟಿ ಇಳಿದು ಮಂಗಳೂರಿಗೆ ಒಯ್ದು, ಬಂದರು ಇರುವ ಪಣಂಬೂರಿನ ಹತ್ತಿರ ಗೋದಾಮಿನಲ್ಲಿ ಕಂಟೇನರ್ ತುಂಬಿಸಬೇಕು. ಮಳೆಗಾಲದಲ್ಲಿ ಘಾಟಿ ಬಂದ್ ಆಗುವುದು ಹೊಸತಲ್ಲ. ಹಡಗಿನ ದಿನಕ್ಕೆ ಸರಿಯಾಗಿ ಹೊರಡಬೇಡಿ, ಮುಂಚೆ ಇಳಿಸಿ ಇಡಿ.

ಮರದ ಪ್ಯಾಲೆಟ್ ಹಾಕಿದರೆ ಹುಳ ಸಾಯುವ ಹಾಗೆ ಶಾಖ ಕೊಟ್ಟದ್ದು ಅನ್ನುವ ಐಎಸ್‌ಪಿಎಂ 15 ಮುದ್ರೆ ಇರಲೇಬೇಕು. ತಟ್ಟೆ ಹಗುರ, ಪ್ಯಾಲೆಟ್ ಇಲ್ಲದೆ ಪೆಟ್ಟಿಗೆಗಳನ್ನೇ ಜೋಡಿಸಿದರೆ ಜಾಗವೂ ಉಳಿಯುತ್ತದೆ. ಕಂಟೇನರ್ ಒಳಗೆ ತೇವ ಹೀರುವ ಚೀಲ ತೂಗುಹಾಕಿ. ಸಮುದ್ರದಲ್ಲಿ ಹಗಲು ಬಿಸಿ, ರಾತ್ರಿ ತಂಪು. ಕಬ್ಬಿಣದ ಮಾಡಿನಿಂದ ನೀರು ತೊಟ್ಟಿಕ್ಕಿ ಮೇಲಿನ ಸಾಲು ಹಾಳಾದದ್ದು ನೋಡಿದ್ದೇನೆ.

ಕಮಾನು ಸೇತುವೆ, ತೀರ್ಥಹಳ್ಳಿ

ಎಲ್ಲ ಸರಿ. ನನ್ನ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಎಂಟು ಘಟಕದ ಮಾಲು ಹೋಯಿತು. ಒಬ್ಬರ ಪೆಟ್ಟಿಗೆಯಲ್ಲಿ ಬೂಷ್ಟು. ಅಲ್ಲಿಯವರು ಇಡೀ ಕಂಟೇನರ್ ಬೇಡ ಅಂದರು. ನಷ್ಟ ಯಾರಿಗೆ?

ಲೆಕ್ಕದ ಪುಸ್ತಕ, ಶಿವಮೊಗ್ಗ

ಕಂಟೇನರ್ ಹೊರಡುವ ಮುಂಚೆ ಬರೆದಿಟ್ಟುಕೊಂಡರೆ ಅದಕ್ಕೆ ಉತ್ತರ ಇದೆ, ಹೊರಟ ಮೇಲೆ ಇಲ್ಲ. ಪ್ರತಿ ಪೆಟ್ಟಿಗೆಯ ಮೇಲೆ ಘಟಕದ ಸಂಖ್ಯೆ, ಒತ್ತಿದ ತಾರೀಖು, ತೇವದ ಅಳತೆ. ಯುರೋಪಿನವರು ಹಿಂದಕ್ಕೆ ಹುಡುಕುವ ಹಾಗಿರಬೇಕು ಅಂತ ಹೇಗೂ ಕೇಳುತ್ತಾರೆ, ಅದೇ ಸಂಖ್ಯೆ ನಮ್ಮೊಳಗಿನ ನ್ಯಾಯಕ್ಕೂ ಆಗುತ್ತದೆ. ತುಂಬಿಸುವ ದಿನ ಬೇರೆ ಘಟಕದವರು ಪ್ರತಿ ಲಾಟಿನಿಂದ ಪೆಟ್ಟಿಗೆ ತೆಗೆದು ನೋಡಿ ಸಹಿ ಹಾಕಬೇಕು. ಸಹಿ ಆದ ಮೇಲೆ ಬಂದ ನಷ್ಟ ಎಲ್ಲರದ್ದು, ಸಹಿಗೆ ಮುಂಚೆ ತಿರಸ್ಕಾರ ಆದದ್ದು ಅವರದ್ದು. ಪ್ರತಿ ಬಿಲ್ಲಿನಿಂದ ಒಂದು ಪಾಲು ಎತ್ತಿಟ್ಟು ನಿಧಿ ಮಾಡಿ. ಎಷ್ಟು ಅಂತ ನೀವೇ ಜಗಳಾಡಿ ನಿರ್ಧರಿಸಿ.

ಮೆಣಸಿನ ಬಳ್ಳಿ, ನಗರ

ಜಗಳ ಮೊದಲೇ ಆಗುವುದು ಒಳ್ಳೆಯದು. ಅಡಿಕೆ ಬೆಳೆಗಾರರ ಸಹಕಾರಿ ಕ್ಯಾಂಪ್ಕೊ 1973ರಲ್ಲಿ ಶುರುವಾದಾಗ ಕರ್ನಾಟಕದವರೂ ಕೇರಳದವರೂ ಸೇರಿದರಲ್ಲ. ಆಮೇಲೆ ಕೋಕೋ ಕೊಳ್ಳುತ್ತಿದ್ದ ಕಂಪನಿಗಳು ಕೈಬಿಟ್ಟಾಗ ಕೊಳ್ಳಲು ಅವರೇ ಇಳಿದರು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಹಾಕಿದರು. ತೀರ್ಥಹಳ್ಳಿ ಅಣ್ಣ ಕೇಳಿದ "ಕೊಳ್ಳುವವರು ಬಿಟ್ಟಾಗ ಏನು ಮಾಡುತ್ತೀರಿ" ಅನ್ನುವುದಕ್ಕೆ ಒಂದು ಉತ್ತರ ಅದು. ವೆನಿಲಾ ಬೆಳೆದ ನಮ್ಮ ಕೈಯಲ್ಲಿ ಅದನ್ನು ಹದ ಮಾಡಿ ಇಟ್ಟುಕೊಳ್ಳುವ ಒಂದು ಮನೆಯೂ ಇರಲಿಲ್ಲ, ಹಸಿ ಕೋಡೇ ಮಾರಬೇಕಿತ್ತು.

ಹಾಳೆಮನೆ, ಹೊಸನಗರ

ಎಲ್ಲರ ಮಾತೂ ಓದಿದೆ. ಸುತ್ತಲಿನ ಘಟಕದವರಿಗೆ ಫೋನ್ ಮಾಡಿದ್ದೇನೆ. ಕೆಲವರು "ನೋಡುವ" ಅಂದರು. ನಮ್ಮಲ್ಲಿ ನೋಡುವ ಅಂದರೆ ಬರಲ್ಲ ಅಂತ ನಿಮಗೂ ಗೊತ್ತು. ಐದು ಘಟಕದವರು ಕೂತು ಮಾತಾಡಲು ಒಪ್ಪಿದ್ದಾರೆ.

ಜರ್ಮನಿಯವರಿಗೆ ಈಗಲೇ ಕಂಟೇನರ್ ಒಪ್ಪಿಕೊಳ್ಳುವುದಿಲ್ಲ. ಮೂರು ಅಳತೆಯ ಸ್ಯಾಂಪಲ್ ಕಳಿಸುತ್ತೇವೆ, ಅಮೆರಿಕದ ವಿಷಯ ನಾವೇ ಬಾಯಿಬಿಟ್ಟು ಬರೆದು, ಹಾಳೆಯಿಂದ ಏನು ಇಳಿಯುತ್ತದೆ ಅನ್ನುವ ಟೆಸ್ಟ್ ಮಾಡಿಸುತ್ತಿದ್ದೇವೆ, ಅದು ಬಂದ ಮೇಲೆ ಆರ್ಡರ್ ಮಾತಾಡೋಣ ಅನ್ನುತ್ತೇವೆ. ಕಾಯದಿದ್ದರೆ ಹೋಗಲಿ. ಅಟ್ಟದ ಮಾಲನ್ನು ಮಳೆಗೆ ಮುಂಚೆ ಇಲ್ಲೇ ಮದುವೆ, ಉಪನಯನದವರಿಗೆ ಕೊಟ್ಟು ಮುಗಿಸುತ್ತೇನೆ. ತಪಾಸಣೆಗೆ ನನ್ನ ಶೆಡ್ಡಿನಿಂದಲೇ ಶುರು ಮಾಡಲಿ, ಒಪ್ಪಿದ್ದೇನೆ.

ಡ್ರೈಯರ್ ಜಾಗ ಇನ್ನೂ ತೀರ್ಮಾನ ಆಗಿಲ್ಲ. ರಿಪ್ಪನ್‌ಪೇಟೆಯಲ್ಲಿ ಮುಖ್ಯರಸ್ತೆಗೆ ತಾಗಿದ ಖಾಲಿ ಗೋದಾಮು ಬಾಡಿಗೆಗೆ ಇದ್ದರೆ ಯಾರಾದರೂ ತಿಳಿಸಿ. ಮೂರು ಫೇಸ್ ಕರೆಂಟ್ ಇರಬೇಕು.

ಸ್ಟುಟ್‌ಗಾರ್ಟಿನಲ್ಲಿ ಮಲೆನಾಡಿಗ

ಸ್ಯಾಂಪಲ್ ಕಳಿಸುವಾಗ ನನಗೂ ಒಂದು ಕಟ್ಟು ಕಳಿಸಿ. ಇಲ್ಲಿ ಅಂಗಡಿಯಲ್ಲಿರುವ ಬೇರೆ ತಟ್ಟೆಗಳ ಪಕ್ಕ ಇಟ್ಟು ದಪ್ಪ, ಬೆಲೆ, ಕಟ್ಟುವ ರೀತಿ ಎಲ್ಲ ಫೋಟೋ ಹಾಕುತ್ತೇನೆ. ಗೋದಾಮಿಗೆ ಅಣ್ಣನಿಗೆ ಫೋನ್ ಮಾಡುತ್ತೇನೆ, ಬಸ್ ಸ್ಟ್ಯಾಂಡಿನ ಹಿಂದೆ ಹಳೇ ಅಕ್ಕಿ ಗಿರಣಿ ಒಂದು ಮುಚ್ಚಿತ್ತು.

ಜೀರಿಗೆ ಮಿಡಿ, ಸಾಗರ

ಗೋದಾಮು ಸಿಕ್ಕಿದರೆ ಒಂದು ಮೂಲೆ ಬಾಟಲಿ ತುಂಬುವ ಕೋಣೆಗೆ ಬಿಡುತ್ತೀರಾ? ಬಾಡಿಗೆ ಹಂಚಿಕೊಳ್ಳೋಣ. ಆದರೆ ನಿಮ್ಮ ಡ್ರೈಯರಿನ ಹೊಗೆ ನಮ್ಮ ಕಡೆ ಬರಬಾರದು, ಮೊದಲೇ ಹೇಳಿದ್ದೇನೆ.

ಕಮಾನು ಸೇತುವೆ, ತೀರ್ಥಹಳ್ಳಿ

ಸಭೆ ಯಾವತ್ತು? ಘಟಕ ಇಲ್ಲದವರೂ ಬರಬಹುದಾ? ಹಾಳೆ ನಮ್ಮ ತೋಟದಲ್ಲೂ ಬೀಳುತ್ತದೆ. ಹಾಳೆಗೆ ಎಷ್ಟು ಕೊಡುತ್ತೀರಿ ಅನ್ನುವ ಮಾತು ಇಲ್ಲಿ ತನಕ ಒಬ್ಬರೂ ಎತ್ತಿಲ್ಲ.